ಬಾಬಿ ಬದುಕಿದ್ದಾಳೆ

ಅಕ್ಟೋಬರ್ ಮೊದಲ ಭಾನುವಾರ ಅಮ್ಮನ ಚುನಾವಣೆ ನೋಡಿಕೊಳ್ಳುವ ವಕೀಲ ಥರ್ಮನ್ ಪೆಕ್ ನಮ್ಮ ಮನೆಗೆ ಊಟಕ್ಕೆ ಬಂದ. ಹುರಿದ ಬಾತುಕೋಳಿ, ಹುಳಿ ಬರಿಸಿದ ಎಲೆಕೋಸು, ಕುದಿನೀರಲ್ಲಿ ಬೇಯಿಸಿದ ಹಿಟ್ಟಿನ ಉಂಡೆ. ಎಲ್ಲವನ್ನೂ ಮತ್ತೆ ಮತ್ತೆ ಬಡಿಸಿಕೊಂಡು ತಿಂದು, ಬಾಯಿ ಒರೆಸಿಕೊಂಡು ಅಮ್ಮನ ಕಡೆ ತಿರುಗಿದ.

“ಮೇಡಮ್, ಈ ಸಲ ನೀವು ಸೋಲ್ತೀರ.”

ಸಿನಿಮಾದಲ್ಲಾದರೆ ಇಂಥ ಮಾತು ಆಡುವವನು ನಿಧಾನವಾಗಿ ಸಿಗಾರ್ ಹಚ್ಚುತ್ತಾನೆ, ಹಿಂದೆ ಪಿಟೀಲು ಕೇಳಿಸುತ್ತದೆ. ಪೆಕ್ ಇನ್ನೊಂದು ಉಂಡೆ ಹಾಕಿಕೊಂಡ.

ಅಮ್ಮ, ಅಂದರೆ ಯೂನಿಸ್ ಕೊವಾಂಡಾ, ರಾಜಧಾನಿ ಲಿಂಕನ್‌ನಲ್ಲಿ ಕೂಡುವ ನೆಬ್ರಾಸ್ಕಾ ಶಾಸನಸಭೆಗೆ ಎರಡು ಸಲ ಆರಿಸಿ ಹೋದವಳು. ಸಭೆ ತುಂಬ ಗಂಡಸರು, ನಡುವೆ ಅಮ್ಮನ ಟೋಪಿ. ೧೯೫೪ರ ನವೆಂಬರ್‌ನಲ್ಲಿ ಮೂರನೆಯ ಸಲದ ಚುನಾವಣೆ. ಈ ಸಲ ಗೆದ್ದರೆ ವಿಧವೆಯರ ಮೇಲಿನ ತೆರಿಗೆ ತೆಗೆಯುವ ಅವಳ ಮಸೂದೆ ಸಭೆಯ ಮುಂದೆ ಬರುವುದಿತ್ತು. ಅದನ್ನು ಅವಳು ಊರೂರಿನಲ್ಲಿ ಹೇಳಿ ಹೇಳಿ ನನಗೂ ಬಾಯಿಪಾಠವಾಗಿತ್ತು: ‘ಗಂಡ ಸತ್ತ ಮರುದಿನ ಹೊಲವೆಲ್ಲ ಅವನೊಬ್ಬನ ದುಡಿಮೆ ಅಂತ ಹೆಂಡತಿ ಕೈಲಿ ತೆರಿಗೆ ಕೀಳ್ತಾರೆ. ಅವಳು ಬೇಯಿಸಿದ್ದು, ಹಾಲು ಕರೆದದ್ದು, ಕೋಳಿ ಸಾಕಿದ್ದು ದುಡಿಮೆ ಅಲ್ವಾ?’ ಅಲ್ಲಿಗೆ ಬಂದಾಗ ಮುದುಕಿಯರು ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಯಾಕೆ ಸೋಲ್ತೀನಿ?” ಎಂದಳು ಅಮ್ಮ.

“ನಿಮ್ಮೆದುರು ನಿಂತಿರೋ ಆ ವೀಮ್ಸ್ ಮನೆಮನೆಗೂ ಹೋಗಿ ಒಂದೇ ಮಾತು ಕೇಳ್ತಿದಾನೆ. ಈಯಮ್ಮ ಲಿಂಕನ್‌ನಲ್ಲಿ ಕೂತ್ರೆ ಇಲ್ಲಿ ಗಂಡನಿಗೆ ಊಟ ಹಾಕೋರು ಯಾರು ಅಂತ.”

ಅಪ್ಪ ಮೂಳೆ ಚೀಪುವುದನ್ನು ನಿಲ್ಲಿಸಿ, “ನಾನೇನು ಸೊರಗಿದ ಹಾಗೆ ಕಾಣ್ತೀನಾ?” ಎಂದ. ಅಪ್ಪನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅತಿ ಭಾರದ ಸಾಮಾನು ಅಪ್ಪನೇ.

“ನೀವು ಸೊರಗಿಲ್ಲ ಎಮಿಲ್. ಆದ್ರೆ ಯಾರು ಬೇಯಿಸಿ ಹಾಕಿದ್ದು ಅನ್ನೋದು ಪ್ರಶ್ನೆ.”

ಎಲ್ಲರೂ ಒಲೆಯ ಕಡೆ ನೋಡಿದೆವು. ಅಲ್ಲಿ ಬಾಬಿ ನಿಂತಿದ್ದಳು. ಯೂರೋಪಿನಿಂದ ಬಂದ ನಮ್ಮ ಚೆಕ್ ಜನ ಅಜ್ಜಿಯನ್ನು ಕರೆಯುವುದೇ ಹಾಗೆ. ಬಾಬಿ ಅಪ್ಪನ ತಾಯಿ, ಹೆಸರು ಬೊಝೆನಾ. ಅಮ್ಮ ಮೇಷ್ಟ್ರಮ್ಮನಾಗಿದ್ದ ಕಾಲದಿಂದ ಈ ಮನೆಯ ಒಲೆ ಬಾಬಿಯದು. ಅಮ್ಮನಿಗೆ ಮೊಟ್ಟೆ ಬೇಯಿಸಲು ಬರುತ್ತದೆ, ಅದೂ ಮೊಟ್ಟೆ ಸಹಕರಿಸಿದರೆ.

“ಗುರುವಾರ ಲಿಂಕನ್ ಪತ್ರಿಕೆಯೋರು ಬರ್ತಾರೆ,” ಎಂದ ಪೆಕ್. “ಮೇಡಮ್ ಏಪ್ರನ್ ಕಟ್ಕೊಂಡು, ಕೈಯಲ್ಲಿ ಕೊಲಾಚ್ ಬನ್ನಿನ ತಟ್ಟೆ ಹಿಡ್ಕೊಂಡು ನಗಬೇಕು. ಅಷ್ಟೇ.”

“ಇದು ಮೋಸ ಅಲ್ವಾ?” ಎಂದೆ ನಾನು.

“ಲಿಬ್ಬಿ, ನಿನಗೆ ಹದಿನೇಳು. ಸಿನಿಮಾ ಟಿಕೆಟ್ ಹರಿಯೋದು ನಿನ್ನ ಕೆಲಸ. ಹೋಗಿ ಕಾಫಿ ತಾ,” ಎಂದಳು ಅಮ್ಮ.

* * *

ಗುರುವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಬಾಬಿ ಗಸಗಸೆ ಅರೆದು, ಹಾಲುಸಕ್ಕರೆ ಹಾಕಿ ಹೂರಣ ಕಾಯಿಸಿ ಇಟ್ಟಿದ್ದಳು. ಉಬ್ಬಿದ ಹಿಟ್ಟನ್ನು ಉಂಡೆ ಮಾಡಿ, ನಡುವೆ ಬೆರಳಿನಿಂದ ಒತ್ತಿ ಗುಳಿ ಮಾಡಿ, ಹೂರಣ ತುಂಬಿ ಬೇಯಲು ಒಲೆಯೊಳಗಿಟ್ಟಳು. ಕೊಲಾಚ್ ಎಲ್ಲರ ಮನೆಯದೂ ಒಂದೇ ಎನ್ನುವವರು ನಮ್ಮ ಊರಿನವರಲ್ಲ. ಗುಳಿ ನೋಡಿದರೆ ಸಾಕು, ಯಾರ ಬೆರಳು ಎಂದು ನಮ್ಮ ಹೆಂಗಸರು ಹೇಳಿಬಿಡುತ್ತಾರೆ.

ಅಮ್ಮ ಹೊಸ ಏಪ್ರನ್ ಕಟ್ಟಿಕೊಂಡು ಬಂದಳು. ಅದರ ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು. ಹಿಂದೆಯೇ ಪೆಕ್ ಬಂದ. ಹೊರಗೆ ಕಾರು ನಿಂತ ಸದ್ದಾಯಿತು.

“ಅತ್ತೆ, ಒಂದು ಹತ್ತು ನಿಮಿಷ ನೆಲಮಾಳಿಗೇಲಿ ಇರ್ತೀರಾ?”

“ಅಲ್ಲೇನಿದೆ?”

“ಏನಿಲ್ಲ. ಇವರು ಬಂದು ಹೋಗೋವರೆಗೆ. ಇಬ್ಬರೂ ಇಲ್ಲಿದ್ರೆ ಯಾರು ಅಡುಗೆಯವರು ಅಂತ ನೋಡಿದ ತಕ್ಷಣ ಗೊತ್ತಾಗತ್ತೆ ಅಂತಾರೆ ಪೆಕ್.”

ಬಾಬಿ ಹಿಟ್ಟು ಹತ್ತಿದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ, “ಎಲೆಕೋಸಿನ ಜಾಡಿ ಹೇಗಿದೆ ನೋಡ್ಬೇಕಿತ್ತು,” ಎಂದು ಯಾರೂ ಕೇಳದ ನೆಪವೊಂದನ್ನು ತಾನೇ ಹೇಳಿ ಇಳಿದುಹೋದಳು. ಪೆಕ್ ಹಲಗೆಬಾಗಿಲು ಮುಚ್ಚಿದ.

ಫೋಟೋ ತೆಗೆಯುವವನ ಜೊತೆ ಮಿಸ್ ಟೇಟ್ ಎಂಬ ಹುಡುಗಿ ಬಂದಿದ್ದಳು. ಪತ್ರಿಕೆಯ ಮಹಿಳಾ ಪುಟಕ್ಕೆ ಹೊಸಬಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಒಂದು ಕೊಲಾಚ್ ತಿಂದು ಅವಳು ಕಣ್ಣರಳಿಸಿದಳು.

“ಅಬ್ಬಾ! ಇದನ್ನ ಯಾರು ಕಲಿಸಿದ್ದು ಮೇಡಮ್?”

“ನಮ್ಮತ್ತೆ.”

“ಹೌದಾ! ಅವರನ್ನೂ ಮಾತಾಡಿಸ್ಬೇಕಲ್ಲ. ಇಲ್ಲೇ ಇದ್ದಾರಾ?”

ಅದೇ ಹೊತ್ತಿಗೆ ಕೆಳಗೆ ಜಾಡಿಯ ಮುಚ್ಚಳ ಠಣ್ ಎಂದಿತು. ಪೆಕ್ ಕೆಮ್ಮಿದ. ಅಮ್ಮನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರಿತು.

“ಇಲ್ಲ,” ಎಂದಳು. “ತೀರ್ಕೊಂಡ್ರು.”

“ಅಯ್ಯೋ, ಪಾಪ. ಯಾವಾಗ?”

“ಈಚೆಗೆ.”

ಮಿಸ್ ಟೇಟ್ ಪೆನ್ಸಿಲ್ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡಳು. ನಮ್ಮ ಅಡುಗೆಮನೆಯ ನೆಲ ಬರೀ ಹಲಗೆ. ಮೇಲೆ ಚಮಚ ಬಿದ್ದರೂ ಕೆಳಗೆ ಕೇಳುತ್ತದೆ.

ಅವರು ಹೋದ ಮೇಲೆ ಬಾಬಿ ಮೇಲೆ ಬಂದು ಪಾತ್ರೆ ತೊಳೆದಳು. ಅಮ್ಮ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತು, ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು.

* * *

ಭಾನುವಾರದ ಪತ್ರಿಕೆಯನ್ನು ಬಾಬಿ ನನ್ನ ಮುಂದೆ ಹಾಕಿದಳು.

“ಓದು. ಜೋರಾಗಿ.”

ನಾನು ನಾಯಕಿಯ ಗತ್ತಿನಲ್ಲಿ ಶುರು ಮಾಡಿದೆ: “‘ಶಾಸಕಿಯ ಕೈರುಚಿ. ಸಭೆಯಲ್ಲಿ ಸಿಂಹಿಣಿ, ಮನೆಯಲ್ಲಿ ಗೃಹಿಣಿ. ಈಚೆಗೆ ತೀರಿಕೊಂಡ ಅತ್ತೆಯಿಂದ...’” ಅಲ್ಲಿಗೆ ನನ್ನ ಗತ್ತು ಮುಗಿಯಿತು.

ಅಪ್ಪ ಕಾಫಿ ಲೋಟ ಕೆಳಗಿಟ್ಟ. “ಯೂನಿ, ನಮ್ಮಮ್ಮನ್ನ ಸಾಯಿಸಿಬಿಟ್ಯಾ?”

“ಗಾಬರೀಲಿ ಬಾಯಿಗೆ ಬಂತು ಎಮಿಲ್.”

“ಗಾಬರೀಲಿ ಜನ ‘ಗೊತ್ತಿಲ್ಲ’ ಅಂತಾರೆ. ‘ಸತ್ತರು’ ಅಂತಾರಾ?”

“ಅಮ್ಮ ಅಮ್ಮ ಅಂತ ಈಗ ಹೇಳೋನು ಆವತ್ತು ಊಟದ ಮೇಜಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ?”

“ಬಾಯಲ್ಲಿ ಬಾತುಕೋಳಿ ಇತ್ತು!”

ಬಾಬಿ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಕೋಣೆಗೆ ಹೋಗಿ, ತನ್ನ ಹೆಣಕ್ಕೆ ಉಡಿಸಲೆಂದು ತಾನೇ ಹೊಲಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಕಪ್ಪು ರೇಷ್ಮೆಯ ಉಡುಪು ತೊಟ್ಟು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

“ಅಮ್ಮ, ಇದೇನು?” ಎಂದ ಅಪ್ಪ.

“ಸತ್ತಿದೀನಲ್ಲಪ್ಪ.”

“ಮಧ್ಯಾಹ್ನದ ಊಟ?”

“ಸತ್ತೋರು ಉಂಡೆ ಕಟ್ತಾರಾ?”

“ಅತ್ತೆ, ತಪ್ಪಾಯ್ತು,” ಎಂದಳು ಅಮ್ಮ.

“ನನಗೆ ಹೇಳ್ಬೇಡ. ನನಗೆ ಗೊತ್ತು ನಾನು ಬದುಕಿದೀನಿ ಅಂತ. ಯಾರ ಮುಂದೆ ಸಾಯಿಸಿದ್ಯೋ ಅವರ ಮುಂದೆ ಬದುಕಿಸು. ಆ ಏಪ್ರನ್ನು ಆಮೇಲೆ ಮುಟ್ತೀನಿ.”

* * *

ನಮ್ಮ ಊರಿನವರಿಗೆ ಬಾಬಿ ಬದುಕಿರುವುದು ಗೊತ್ತು. ಫೋಟೋದಲ್ಲಿನ ಗುಳಿ ನೋಡಿಯೇ ಅವರು ನಕ್ಕಿದ್ದರು. ‘ಗಸಗಸೆ ಅರೆದವಳ ಏಪ್ರನ್ ಅಷ್ಟು ಬೆಳ್ಳಗಿರತ್ತಾ?’ ಎಂದು ಚರ್ಚಿನ ಮೆಟ್ಟಿಲ ಮೇಲೆ ಅಮ್ಮನಿಗೆ ಕೇಳಿಸುವಂತೆಯೇ ಅಂದರು. ಆದರೆ ಅಮ್ಮನ ಕ್ಷೇತ್ರ ನದಿಯಾಚೆಗೂ ಇದೆ. ಅಲ್ಲಿನ ಚೆಕ್ ಊರುಗಳಲ್ಲಿ ಬಾಬಿಯ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ತಿಂಡಿ ಒಯ್ಯಬೇಕು ಎಂಬುದು ನಮ್ಮವರ ಕ್ರಮ. ಮಂಗಳವಾರದಿಂದ ತಟ್ಟೆಗಳು ಬರತೊಡಗಿದವು.

ಮೊದಲು ಬಂದ ಇಬ್ಬರು ಹೆಂಗಸರಿಗೆ ಬಾಗಿಲು ತೆಗೆದವಳು ಬಾಬಿಯೇ.

“ತುಂಬಾ ದುಃಖದ ಸುದ್ದಿ,” ಎಂದರು ಅವರು. “ಬೊಝೆನಾ ಒಳ್ಳೆಯವರಂತೆ.”

“ಹಾಗಂತಾರೆ,” ಎಂದಳು ಬಾಬಿ. “ಕೂತ್ಕೊಳ್ಳಿ.”

“ನೀವು ಅವರಿಗೆ ಏನಾಗ್ಬೇಕು?”

“ತುಂಬಾ ಹತ್ತಿರ.”

ನಾನು ನಗು ತಡೆಯಲಾರದೆ ಉಗ್ರಾಣಕ್ಕೆ ಓಡಿ ಹಿಟ್ಟಿನ ಚೀಲದಲ್ಲಿ ಮುಖ ಹುದುಗಿಸಿದೆ. ಮರುದಿನ ಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿ, ತೆರೆಯ ಮೇಲಿನ ವಿಧವೆಯ ಹಾಗೆ ಕೈ ಎದೆಗಿಟ್ಟು, “ಹೊರಟುಹೋದಳು... ಒಂದು ಮಾತೂ ಹೇಳದೆ!” ಎಂದೆ. ಬಾಬಿ ನಕ್ಕಳು. ಅಂಗಳದಿಂದ ಬಂದ ಅಮ್ಮ ರಿಬ್ಬನ್ ಕಿತ್ತು ಒಲೆಗೆ ಹಾಕಿದಳು.

“ನಿಂಗೆ ಎಲ್ಲಾ ಆಟ ಅಲ್ವಾ ಲಿಬ್ಬಿ?”

“ಕಥೆ ಬರೆದೋಳು ನೀನು. ನಾನು ಬರೀ ಪೋಸ್ಟರ್ ಅಂಟಿಸ್ತಿದೀನಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರೋ ಅಪರಿಚಿತೆ ಅತ್ತು ಬೇಯಿಸಿ ತಂದಿದ್ದ ತಟ್ಟೆಯನ್ನು ಎತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದವಳಂತೆ ಅಡುಗೆಮನೆಯ ನಡುವೆ ನಿಂತುಬಿಟ್ಟಳು. ಆಮೇಲೆ ನನಗೂ ರಿಬ್ಬನ್ ಕಟ್ಟುವ ಮನಸ್ಸಾಗಲಿಲ್ಲ.

ತಟ್ಟೆಗಳು ಮುಗಿದ ಮೇಲೆ ಹಸಿವು ಶುರುವಾಯಿತು. ಅಮ್ಮ ಮಾಡಿದ ಉಂಡೆಯನ್ನು ಅಪ್ಪ ಮೇಜಿಗೆ ಕುಟ್ಟಿ ನೋಡಿ, “ಇದನ್ನ ಅಂಗಡೀಲಿ ಇಡ್ಲಾ? ಸುತ್ತಿಗೆ ಪಕ್ಕ?” ಎಂದ. ಅಮ್ಮ ಎದ್ದು ಹೋದಳು. ಆಮೇಲೆ ಅಪ್ಪನೂ ಎದ್ದು ಹೋಗಿ ಅವಳ ಕೋಣೆಯ ಬಾಗಿಲ ಹೊರಗೆ ನಿಂತು, “ಯೂನಿ, ತಿಂದೆ ಕಣೇ, ಪೂರ್ತಿ ತಿಂದೆ,” ಎಂದು ಸುಳ್ಳು ಹೇಳಿದ. ಬೆಳಗ್ಗೆ ಭಾಷಣ, ಮಧ್ಯಾಹ್ನ ಸುಟ್ಟ ಗೆಣಸು, ಸಂಜೆ ಮನೆಮನೆಯ ಭೇಟಿ. ಅಮ್ಮನ ಬೆರಳುಗಳಿಗೆಲ್ಲ ಸುಟ್ಟ ಬೊಬ್ಬೆ. ‘ಹೆಂಗಸಿನ ದುಡಿಮೆಗೆ ಲೆಕ್ಕವಿಲ್ಲ’ ಎಂಬ ಮಾತು ಬಂದಾಗ ಅವಳು ಈಗ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು, ಕಣ್ಣು ಯಾರ ಮುಖದ ಮೇಲೂ ನಿಲ್ಲುತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ಪೆಕ್‌ಗೆ ಹೇಳಿದಳು: “ನಾನು ನಿಜ ಹೇಳಿಬಿಡ್ತೀನಿ.”

“ಹೇಳಿ. ಎರಡು ವಾರ ಇದೆ. ಸುಳ್ಳಿ ಅಂತ ವೀಮ್ಸ್ ಪೋಸ್ಟರ್ ಅಚ್ಚು ಹಾಕಿಸೋಕೆ ಬೇಕಾದಷ್ಟು ಟೈಮು. ನಿಮ್ಮ ಮಸೂದೆ ನಂಬ್ಕೊಂಡಿರೋ ವಿಧವೆಯರಿಗೆ ಏನಂತೀರ? ಒಂದು ಬನ್ನಿನ ವಿಷಯಕ್ಕೆ ಸೋತೆ ಅಂತೀರಾ?”

ಅಮ್ಮ ತನ್ನ ಭಾಷಣದ ಹಾಳೆಗಳನ್ನು ಎತ್ತಿಕೊಂಡಳು. ಕಿಟಕಿಯ ಪಕ್ಕದಿಂದ ಬಾಬಿ, “ವಕೀಲರೇ, ಇವತ್ತು ಊಟಕ್ಕೆ ಇರ್ತೀರಾ? ಯೂನಿಸ್ ಅಡುಗೆ,” ಎಂದಳು. ಪೆಕ್‌ಗೆ ತಕ್ಷಣ ಕೋರ್ಟಿನ ಕೆಲಸ ನೆನಪಾಯಿತು.

* * *

ಚುನಾವಣೆಯ ಹಿಂದಿನ ಶನಿವಾರ ಸಂಜೆ ಚೆಕ್ ಸಂಘದ ಭವನದಲ್ಲಿ ಅಭ್ಯರ್ಥಿಗಳ ಸಭೆ. ಎರಡೂ ದಡದವರು ಸೇರಿದ್ದರು. ಬಿಯರು, ಬಿಸಿ ಸಾಸೇಜು, ಮೂಲೆಯಲ್ಲಿ ಅಕಾರ್ಡಿಯನ್. ಬಾಬಿ ತಾನೂ ಬರುತ್ತೇನೆಂದಳು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕಪ್ಪು ರೇಷ್ಮೆಯಲ್ಲಿ ಬಂದು ನನ್ನ ಪಕ್ಕ ಕೂತಳು.

ಅಧ್ಯಕ್ಷತೆ ನದಿಯಾಚೆಯ ಮುದುಕನೊಬ್ಬನದು. ಅಮ್ಮನನ್ನು ಮಾತಿಗೆ ಕರೆಯುವ ಮೊದಲು ಅವನು ಕನ್ನಡಕ ತೆಗೆದ.

“ಈಚೆಗೆ ನಮ್ಮನ್ನಗಲಿದ ಸಂಘದ ಸೋದರಿ ಬೊಝೆನಾ ಕೊವಾಂಡಾ ಅವರಿಗೋಸ್ಕರ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕು.”

ಆ ದಡದವರು ತಲೆ ಬಗ್ಗಿಸಿ ಎದ್ದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅರೆಬರೆ ಎದ್ದರು. ಬಾಬಿಯೂ ಎದ್ದಳು. ಕೈ ಜೋಡಿಸಿ, ತಲೆ ತಗ್ಗಿಸಿ, ತನ್ನ ಸಾವಿಗೆ ತಾನೇ ನಿಂತಳು. ಆ ಹೊತ್ತಿನಲ್ಲಿ ನನ್ನ ತಲೆಗೆ ಒಂದು ಡೈಲಾಗೂ ಹೊಳೆಯಲಿಲ್ಲ. ನೆಲದ ಹಲಗೆಯ ಬಿರುಕು ನೋಡುತ್ತಿದ್ದೆ.

“ದಯವಿಟ್ಟು ಕೂತ್ಕೊಳ್ಳಿ,” ಎಂದಳು ವೇದಿಕೆಯ ಮೇಲಿಂದ ಅಮ್ಮ. “ನಮ್ಮತ್ತೆ ಸತ್ತಿಲ್ಲ. ಬದುಕಿದ್ದಾರೆ. ಅಲ್ಲಿದ್ದಾರೆ ನೋಡಿ.”

ಭವನವೇ ಹಾರುವಂಥ ನಗು. ಅಕಾರ್ಡಿಯನ್‌ನವನು ಪೀಂಯ್ ಎನಿಸಿದ. ಜನ ಬಾಬಿಯ ಬೆನ್ನು ತಟ್ಟಿದರು. ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು.

ವೀಮ್ಸ್ ಕೂತಲ್ಲಿಂದಲೇ ಕೂಗಿದ: “ಹಾಗಾದ್ರೆ ಪತ್ರಿಕೆಗೆ ಹೇಳಿದ್ದು ಯಾರು ಮೇಡಮ್?”

ಸಾಸೇಜಿನ ಒಲೆಯ ಪಕ್ಕದಲ್ಲಿ, ಸಭೆಯ ವರದಿಗೆ ಬಂದಿದ್ದ ಮಿಸ್ ಟೇಟ್ ಪೆನ್ಸಿಲ್ ಹಿಡಿದು ನಿಂತಿದ್ದಳು. ಅಮ್ಮ ಅವಳ ಕಡೆ ನೋಡಿದಳು. ಮುಂದಿನ ಸಾಲಿನಲ್ಲಿ ಪೆಕ್ ಹೂಂ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ.

“ಪತ್ರಿಕೆಯವರು ತಪ್ಪು ಬರ್ಕೊಂಡಿದ್ದಾರೆ,” ಎಂದಳು ಅಮ್ಮ. “ಚಿಕ್ಕ ಹುಡುಗಿ. ಅವಸರ ಮಾಡಿದ್ದಾಳೆ, ಪಾಪ.”

ನಗು ಈಗ ಮಿಸ್ ಟೇಟ್ ಕಡೆ ತಿರುಗಿತು. ಯಾರೋ, “ನಾನು ಬದುಕಿದೀನಾ ನೋಡಿ ಹೇಳಮ್ಮಾ!” ಎಂದ. ಅವಳು ಕೋಟು ತೆಗೆದುಕೊಂಡು ಹೊರಗೆ ಹೋದಳು.

ಕಾರು ಮನೆ ಹತ್ತಿರ ಬಂದಾಗ ಬಾಬಿ ಹೇಳಿದಳು: “ನನ್ನನ್ನ ಬದುಕಿಸಿದೆ. ಅವಳನ್ನ ಸಾಯಿಸಿದೆ.”

* * *

ಸೋಮವಾರ ಬಟ್ಟೆ ಒಗೆಯುವ ದಿನ. ಅಮ್ಮ ಅಡುಗೆಮನೆಯಲ್ಲಿ ಒದ್ದೆ ಹೊದಿಕೆಗಳನ್ನು ಹಿಂಡುತ್ತಿದ್ದಳು. ಅಪ್ಪ ಅಂಗಡಿಯಿಂದ ಕಾಫಿಗೆ ಬಂದಿದ್ದ. ಬಾಬಿ ತನ್ನ ಕಿಟಕಿಯಲ್ಲಿ, ಇನ್ನೂ ಕಪ್ಪು ರೇಷ್ಮೆಯಲ್ಲಿ.

ಬಾಗಿಲು ತಟ್ಟಿದ್ದು ಮಿಸ್ ಟೇಟ್. ಕೈಯಲ್ಲಿ ಬೇಕರಿಯ ಕೇಕು. ಅಮ್ಮನ ಕಡೆ ನೋಡದೆ ನೇರವಾಗಿ ಬಾಬಿಯ ಮುಂದೆ ಹೋಗಿ ನಿಂತಳು.

“ಅಜ್ಜೀ, ನನ್ನಿಂದ ತಪ್ಪಾಯ್ತು. ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಕ್ಷಮಿಸ್ಬೇಕು.”

ಬಾಯಿಪಾಠದ ಮಾತು. ಹೇಳಿ ಮುಗಿಸಿ ಕೇಕನ್ನು ಮುಂದೆ ಚಾಚಿದಳು.

“ಯಾರು ಕಳಿಸಿದ್ದು ಮಗೂ?” ಎಂದಳು ಬಾಬಿ.

“ನಮ್ಮ ಸಂಪಾದಕರು. ಮಿಸ್ಟರ್ ಪೆಕ್ ಅವರ ಹತ್ರ ಹೋಗಿ ನನ್ನ ಮೇಲೆ ದೂರು ಕೊಟ್ರಂತೆ. ಕ್ಷಮೆ ಕೇಳಿ ಬಾ, ಆಮೇಲೆ ನಿನ್ನನ್ನ ಇಟ್ಕೊಳ್ಳೋದಾ ಬಿಡೋದಾ ನೋಡ್ತೀನಿ ಅಂದ್ರು.”

ಅಪ್ಪ ಕಾಫಿ ಲೋಟದೊಳಗೆ ಏನೋ ಹುಡುಕತೊಡಗಿದ. ನಾನು ಕಿಟಕಿಯ ಆಚೆ ನೋಡಿದೆ. ಬಾಬಿ ಎದ್ದು, ಎಷ್ಟೋ ದಿನದ ಮೇಲೆ ಒಲೆಯ ಹತ್ತಿರ ಹೋಗಿ, ಒಂದು ಲೋಟ ಕಾಫಿ ಬಗ್ಗಿಸಿ ಆ ಹುಡುಗಿಯ ಮುಂದಿಟ್ಟಳು.

“ಕುಡಿ. ನೀನು ತಪ್ಪು ಕೇಳಿಸ್ಕೊಂಡಿಲ್ಲ. ನಾನೂ ಅದನ್ನೇ ಕೇಳಿಸ್ಕೊಂಡೆ.”

ಅಮ್ಮನ ಕೈಯ ಹೊದಿಕೆಯಿಂದ ನೀರು ಅವಳ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಅವಳು ಅದನ್ನು ತೊಟ್ಟಿಗೆ ಬಿಟ್ಟು, ಕೈ ಒರೆಸಿಕೊಂಡು, ಗೋಡೆಯ ಮೇಲಿದ್ದ ಫೋನಿನ ಹತ್ತಿರ ಹೋದಳು.

“ಯೂನಿ,” ಎಂದ ಅಪ್ಪ. “ನಾಳೆ ಓಟು.”

“ಗೊತ್ತು.”

“ಅಂಗಡಿ ಫೋನಲ್ಲಾದ್ರೂ ಮಾತಾಡು. ಇಲ್ಲಿ ಬೀದಿಯೋರೆಲ್ಲ...”

“ಅದೂ ಗೊತ್ತು.”

ನಮ್ಮ ಬೀದಿಯ ಮನೆಗಳಿಗೆಲ್ಲ ಒಂದೇ ತಂತಿ. ಯಾರಿಗೆ ಗಂಟೆ ಹೊಡೆದರೂ ಎಲ್ಲರ ಮನೆಯಲ್ಲೂ ಕೇಳುತ್ತದೆ, ಎಲ್ಲರೂ ಮೆಲ್ಲಗೆ ಎತ್ತಿ ಕಿವಿಗಿಡುತ್ತಾರೆ. ಸೋಮವಾರ ಬೆಳಗ್ಗೆ, ಒಗೆಯುವ ಬಟ್ಟೆಯ ನಡುವೆ, ಅದಕ್ಕಿಂತ ಒಳ್ಳೆಯ ಸಿನಿಮಾ ಇಲ್ಲ.

“ಮೇಡಮ್, ಬುಧವಾರ ಮಾಡಿ ಬೇಕಾದ್ರೆ,” ಎಂದಳು ಮಿಸ್ ಟೇಟ್. “ನಾನು ಕಾಯ್ತೀನಿ.”

“ಬುಧವಾರಕ್ಕೆ ನನಗೆ ಧೈರ್ಯ ಇರಲ್ಲಮ್ಮ,” ಎಂದು ಅಮ್ಮ ಹಿಡಿ ತಿರುಗಿಸಿದಳು.

ಲಿಂಕನ್ ಪತ್ರಿಕೆಯ ಸಂಪಾದಕರು ಬೇಕು ಎಂದು ಎಕ್ಸ್‌ಚೇಂಜಿನವಳಿಗೆ ಹೇಳುವಷ್ಟರಲ್ಲೇ ಟಕ್, ಟಕ್, ಟಕ್. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೊಂದೇ ಮನೆ ಬಂದು ಕೂತದ್ದು ನನಗೂ ಕೇಳಿಸಿತು. ಯಾರದೋ ಮನೆಯ ಗಡಿಯಾರ, ಯಾರದೋ ಮಗುವಿನ ಅಳು. ಅಮ್ಮನ ಕುತ್ತಿಗೆ ಕೆಂಪಾಯಿತು, ಆ ಕೆಂಪು ಕಿವಿ ದಾಟಿ ಹಣೆಗೆ ಏರಿತು.

“ನಾನು ಯೂನಿಸ್ ಕೊವಾಂಡಾ. ನಿಮ್ಮ ಮಿಸ್ ಟೇಟ್ ತಪ್ಪು ಬರೆದಿಲ್ಲ. ನಾನು ಹೇಳಿದ್ದನ್ನೇ ಬರೆದಿದ್ದಾಳೆ. ನಮ್ಮತ್ತೆ ಸತ್ತರು ಅಂತ ನಾನೇ ಹೇಳಿದ್ದು. ಅವರು ಆಗ ನೆಲಮಾಳಿಗೇಲಿ ಇದ್ರು. ಅವರನ್ನ ಅಲ್ಲಿಗೆ ಕಳಿಸಿದ್ದೂ ನಾನೇ. ಶನಿವಾರ ಭವನದಲ್ಲೂ ಸುಳ್ಳು ಹೇಳಿದೆ.” ಅವಳ ದನಿ ಇಳಿಯುತ್ತ ಇಳಿಯುತ್ತ ಪಿಸುಮಾತಾಯಿತು. “ಆ ಕೊಲಾಚ್ ನಾನು ಮಾಡಿದ್ದಲ್ಲ. ನನಗೆ ಅದು ಬರಲ್ಲ. ಮಾಡಿದ್ದು ಬೊಝೆನಾ ಕೊವಾಂಡಾ. ಹಾಗಂತ ಹಾಕಿ. ಇವತ್ತಿನ ಸಂಜೆ ಪತ್ರಿಕೇಲೇ ಹಾಕಿ.”

ಆ ಕಡೆ ಸಂಪಾದಕ ಏನೋ ಗೊಣಗಿದ, ಹೂಂ ಎಂದ, ಇಟ್ಟ. ಬೀದಿಯವರು ಯಾರೂ ಇಡಲಿಲ್ಲ. ಅಮ್ಮನೂ ಇಡಲಿಲ್ಲ. ತಂತಿಯಲ್ಲಿ ಎಲ್ಲರ ಉಸಿರು.

ಆಗ ಮೂಲೆಮನೆಯ ಟಿಲ್ಲಿ ಝಾಕ್ ಮುದುಕಿಯ ದನಿ ಬಂತು, ಕಿವಿ ಮಂದವಾದವರು ಕೂಗುವ ಹಾಗೆ:

“ಯೂನಿಸ್, ಮಾಡಿದ್ದು ಯಾರು ಅಂದೆ? ಅದೊಂದು ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಮ್ಮಾ, ಜೋರಾಗಿ.”

ಅಮ್ಮ ಗೋಡೆಗೆ ಹಣೆ ಒತ್ತಿ, ಕಣ್ಣು ಮುಚ್ಚಿಕೊಂಡು, ಮೊದಲಿನಿಂದ ಹೇಳತೊಡಗಿದಳು.